ಜರ್ಮನ್‌ನಲ್ಲಿ ಕನಸು ಬಿದ್ದರೆ ಜರ್ಮನ್ ಬಂದ ಹಾಗೆಯೇ?

ಭಾಷೆ ಕಲಿಯುವವರಲ್ಲಿ ಒಂದು ನಂಬಿಕೆ ಇದೆ. ಆ ಭಾಷೆಯಲ್ಲೇ ಕನಸು ಬೀಳತೊಡಗಿದರೆ ಭಾಷೆ ಬಂತು ಅಂತಲೇ ಲೆಕ್ಕ. ನಮ್ಮ ಜರ್ಮನ್ ಕ್ಲಾಸಿನಲ್ಲೂ ಎ2, ಅಂದರೆ ಕಲಿಕೆಯ ಎರಡನೇ ಹಂತ, ಮುಗಿಯುವ ಹೊತ್ತಿಗೆ ಇದೇ ಚರ್ಚೆ. ಎಷ್ಟು ನಿಜ ಅಂತ ಓದಿ, ಮರೆಯುವ ಮುಂಚೆ ಬರೆದಿಟ್ಟಿದ್ದೇನೆ.

ನಿದ್ದೆಯ ಬಗ್ಗೆ, ಬೇಕಾದಷ್ಟು ಮಾತ್ರ

ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತಿನ ಕೊನೆಗೆ ರೆಪ್ಪೆಯೊಳಗೆ ಕಣ್ಣು ಬೇಗ ಬೇಗ ಅತ್ತಿತ್ತ ಓಡಾಡುವ ಹಂತ ಬರುತ್ತದೆ. ಅದೇ ರೆಮ್ ನಿದ್ದೆ. ಇದನ್ನು 1953ರಲ್ಲಿ ವರದಿ ಮಾಡಿದವರು ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್. ಕಥೆಯಂತೆ ನಡೆಯುವ ಕನಸುಗಳು ಜಾಸ್ತಿ ಬೀಳುವುದು ಈ ಹಂತದಲ್ಲೇ.

ಒಟ್ಟಾವಾದ ಅಧ್ಯಯನ

ಈ ನಂಬಿಕೆಗೆ ಆಧಾರ ಅಂತ ಎಲ್ಲರೂ ತೋರಿಸುವುದು ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಜೋಸೆಫ್ ಡಿ ಕೊನಿಂಕ್ ತಂಡದ ಕೆಲಸವನ್ನು. 1980ರ ದಶಕದ್ದು. ಇಂಗ್ಲಿಷ್ ಮನೆಮಾತಿನ ವಿದ್ಯಾರ್ಥಿಗಳು ಆರು ವಾರ ಫ್ರೆಂಚ್‌ನಲ್ಲೇ ಮುಳುಗಿರುವ ಕೋರ್ಸ್ ಸೇರಿದ್ದರು. ಕೋರ್ಸಿಗೆ ಮುಂಚೆ, ನಡುವೆ, ಮುಗಿದ ಮೇಲೆ ಅವರ ನಿದ್ದೆಯನ್ನು ಲ್ಯಾಬಿನಲ್ಲಿ ಅಳೆದರು. ಫ್ರೆಂಚ್‌ನಲ್ಲಿ ಚೆನ್ನಾಗಿ ಮುಂದೆ ಹೋದವರಲ್ಲಿ ರೆಮ್ ನಿದ್ದೆಯ ಪಾಲು ಏರಿತ್ತು. ಅವರ ಕನಸಿಗೆ ಫ್ರೆಂಚ್ ಬೇಗ ಬಂದಿತ್ತು. ಗುಂಪು ಚಿಕ್ಕದು, ಅದು ನೆನಪಿರಲಿ.

ನಾನು ತುಂಬಾ ಹೊತ್ತು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಕನಸಿನಿಂದ ಭಾಷೆ ಬಂತೋ, ಭಾಷೆ ಬಂದದ್ದರಿಂದ ಕನಸು ಬಿತ್ತೋ?

ಬಿಡಿಸಿ ನೋಡೋಣ. ಇಬ್ಬರು ವಿದ್ಯಾರ್ಥಿಗಳು ಅಂದುಕೊಳ್ಳಿ. ಒಬ್ಬಳು ಊಟದ ಟೇಬಲ್ಲಿನಲ್ಲೂ ಫ್ರೆಂಚ್‌ನಲ್ಲೇ ಹರಟುತ್ತಾಳೆ, ರಾತ್ರಿ ಫ್ರೆಂಚ್ ರೇಡಿಯೋ ಹಾಕಿಕೊಂಡು ಮಲಗುತ್ತಾಳೆ. ಇನ್ನೊಬ್ಬ ಹೋಮ್‌ವರ್ಕ್ ಮುಗಿಸಿ ರೂಮಿನಲ್ಲಿ ಇಂಗ್ಲಿಷ್‌ಗೆ ಮರಳುತ್ತಾನೆ. ಆರು ವಾರದ ಮೇಲೆ ಅವಳಿಗೆ ಅಂಕ ಜಾಸ್ತಿ, ಕನಸಿನಲ್ಲಿ ಫ್ರೆಂಚೂ ಜಾಸ್ತಿ. ಆದರೆ ಎರಡಕ್ಕೂ ಮೂಲ ಅವಳ ಹಗಲು. ಮೋಡ ಕವಿದಾಗ ನವಿಲು ಕುಣಿಯುತ್ತದೆ, ಮಳೆಯೂ ಬರುತ್ತದೆ. ನವಿಲು ಕುಣಿದದ್ದಕ್ಕೇ ಮಳೆ ಬಂತು ಅನ್ನುವುದಿಲ್ಲ, ಅಲ್ವಾ? ಕನಸೇ ಕಲಿಸಿತು ಅನ್ನಬೇಕಾದರೆ ಅವಳ ಹಗಲನ್ನು ಹಾಗೇ ಬಿಟ್ಟು ಕನಸನ್ನು ಮಾತ್ರ ತೆಗೆದು ನೋಡಬೇಕು. ಈ ಅಧ್ಯಯನ ಅದನ್ನು ಮಾಡಿಲ್ಲ. ಎರಡೂ ಜೊತೆಜೊತೆಗೆ ಏರಿದವು ಅನ್ನುವಷ್ಟೇ ಅದು ಹೇಳುತ್ತದೆ.

ಹಾಗಂತ ನಿದ್ದೆಗೂ ಕಲಿಕೆಗೂ ಸಂಬಂಧ ಇಲ್ಲ ಅಂತಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಶ್ರೈನರ್ ಮತ್ತು ರಾಶ್ ಅನ್ನುವ ಸಂಶೋಧಕರು ಜರ್ಮನ್ ಮಾತಾಡುವವರಿಗೆ ಡಚ್ ಪದಗಳನ್ನು ಕಲಿಸಿದರು. ಅವರು ಮಲಗಿದ ಮೇಲೆ ಅದರಲ್ಲಿ ಕೆಲವನ್ನು ಮೆಲ್ಲಗೆ ಕೇಳಿಸಿದರು. ಕೇಳಿಸಿದ ಪದಗಳೇ ಚೆನ್ನಾಗಿ ನೆನಪಿನಲ್ಲಿ ನಿಂತವು. ಗಮನಿಸಿ: ಕೇಳಿಸಿದ್ದು ರೆಮ್ ಅಲ್ಲದ ನಿದ್ದೆಯಲ್ಲಿ, ಮತ್ತು ಅವು ಹಗಲೇ ಕಲಿತ ಪದಗಳು. ನಿದ್ದೆ ಸಹಾಯ ಮಾಡುತ್ತದೆ ಅನ್ನುವುದು ಬೇರೆ, ಕನಸು ಸಹಾಯ ಮಾಡುತ್ತದೆ ಅನ್ನುವುದು ಬೇರೆ.

ಕನಸಿನಲ್ಲಿ ಪಟಪಟ ಮಾತಾಡುವುದು

ರೆಮ್ ಹೊತ್ತಿನಲ್ಲಿ ಮೆದುಳಿನ ಮುಂಭಾಗದಲ್ಲಿ ಸರಿ-ತಪ್ಪು ತೂಗುವ ಜಾಗದ ಚಟುವಟಿಕೆ ತಗ್ಗಿರುತ್ತದೆ. ವ್ಯಾಕರಣ ಸರಿಯಿದೆಯಾ ಅಂತ ಯಾರೂ ತಡೆಯುವುದಿಲ್ಲ. ಹಾಗಾಗಿ ಸರಾಗವಾಗಿ ಮಾತಾಡಿದೆ ಅನ್ನಿಸುವುದು ಸುಲಭ. ನನಗೆ ಬಿದ್ದ ಒಂದು ಕನಸು: ಮೆಜೆಸ್ಟಿಕ್ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಉದ್ದಕ್ಕೆ ಜರ್ಮನ್‌ನಲ್ಲಿ ವಾದ. ಎದ್ದ ಕೂಡಲೇ ಬರೆಯಲು ಕೂತರೆ ಪೂರ್ತಿಯಾಗಿ ಸಿಕ್ಕಿದ್ದು ಒಂದೇ ವಾಕ್ಯ: ‘ಇಶ್ ಹಾಬೆ ಕೈನ್ ಕ್ಲೈನ್‌ಗೆಲ್ಟ್’, ನನ್ನ ಹತ್ತಿರ ಚಿಲ್ಲರೆ ಇಲ್ಲ. ಹಿಂದಿನ ದಿನದ ಪಾಠದ್ದೇ. ಹಗಲಿನ ಚೂರುಗಳು ರಾತ್ರಿಗೆ ಬರುತ್ತವೆ ಅಂತ ಮನೋವಿಶ್ಲೇಷಕ ಫ್ರಾಯ್ಡ್ 1900ರಷ್ಟು ಹಿಂದೆಯೇ ಬರೆದಿದ್ದ.

ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ. ಅಕ್ಷರಶಃ ಬರೆಯಲು ಸಿಕ್ಕ ವಾಕ್ಯ ಒಂದರಲ್ಲಿ, ‘ಜರ್ಮನ್ ಮಾತಾಡಿದ ಹಾಗಿತ್ತು’ ಅನ್ನುವುದು ಇನ್ನೊಂದರಲ್ಲಿ. ಮೊದಲ ಕಾಲಂನಲ್ಲಿ ಪಾಠದಲ್ಲಿಲ್ಲದ, ನಾನೇ ಕಟ್ಟಿದ ವಾಕ್ಯ ಬಂದರೆ ಅದನ್ನು ಮೇಡಂಗೆ ತೋರಿಸಿ ತಿದ್ದಿಸಿಕೊಳ್ಳುತ್ತೇನೆ. ಎಲ್ಲಿವರೆಗೆ ಬಂದಿದ್ದೇನೆ ಅಂತ ಗೊತ್ತಾಗುವುದು ಆ ತಿದ್ದುಪಡಿಯಿಂದ.