ಹಳೆಯ ಆಂಕರ್‌ಗಳನ್ನೇ ಹೊಸ ಮೊಬೈಲ್ ಹೋಮ್‌ಗೆ ಬಳಸಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಫ್ಲೋರಿಡಾದಲ್ಲಿ. ನಮ್ಮ ಜಾಗದಲ್ಲಿರುವ ಹಳೆಯ ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ತಯಾರಾಗಿ, ಟ್ರಕ್ಕಿನಿಂದ ಎಳೆದು ತಂದು ಕೂರಿಸುವ ಮನೆ) ಸಾಗಿಸಿ, ಅಲ್ಲೇ ಹೊಸದನ್ನು ಕೂರಿಸಬೇಕೆಂದಿದ್ದೇವೆ. ಹಳೆಯ ಮನೆಯನ್ನು ಬಿಗಿದಿರುವ ಆಂಕರ್‌ಗಳು ನೋಡಲು ಗಟ್ಟಿಮುಟ್ಟಾಗಿವೆ. ಅವನ್ನೇ ಬಳಸಬಹುದೇ? ಆಗದಿದ್ದರೆ ತೆಗೆಯುವುದು ಹೇಗೆ?

ಉತ್ತರ: ದಯವಿಟ್ಟು ಬಳಸಬೇಡಿ. ಕಬ್ಬಿಣ ಹೊಸದರಂತೆ ಹೊಳೆಯುತ್ತಿದ್ದರೂ ಬೇಡ.

ಆಂಕರ್ ಎಂದರೆ ನೆಲದೊಳಕ್ಕೆ ತಿರುಗಿಸಿ ಇಳಿಸುವ ಒಂದು ಕಬ್ಬಿಣದ ಸರಳು. ಅದರ ತಲೆಗೆ ಮನೆಯನ್ನು ಉಕ್ಕಿನ ಪಟ್ಟಿಗಳಿಂದ ಬಿಗಿದಿರುತ್ತಾರೆ. ಸರಳಿನ ಕೆಳತುದಿಯಲ್ಲಿ ತಿರುಪಿನಂತೆ ಸುತ್ತಿಕೊಂಡ ಅಗಲವಾದ ಬಿಲ್ಲೆ ಇರುತ್ತದೆ. ಬಿರುಗಾಳಿ ಮನೆಯನ್ನು ಮೇಲಕ್ಕೆತ್ತಿದಾಗ ಆ ಬಿಲ್ಲೆ ತನ್ನ ಮೇಲಿರುವ ಮಣ್ಣನ್ನೆಲ್ಲ ಎತ್ತಬೇಕಾಗುತ್ತದೆ. ಮನೆಯನ್ನು ನಿಜಕ್ಕೂ ಹಿಡಿದಿಡುವುದು ಆ ಮಣ್ಣಿನ ತೂಕ ಮತ್ತು ಬಿಗಿ. ಒಮ್ಮೆ ಕಿತ್ತ ಗೂಟವನ್ನು ಅದೇ ಕುಳಿಗೆ ಬಡಿದರೆ ಅದು ಮೊದಲಿನಂತೆ ನಿಲ್ಲುತ್ತದೆಯೇ? ಇಲ್ಲೂ ಅಷ್ಟೇ.

ಕೀಳದೆ, ಇದ್ದಲ್ಲೇ ಉಳಿಸಿಕೊಂಡರೆ ಆಗದೇ ಎಂದು ನೀವು ಕೇಳಬಹುದು. ಅಲ್ಲಿ ತೊಡಕು ಬೇರೆ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ ಮೊಬೈಲ್ ಹೋಮ್‌ಗಳು ಸಾಲುಸಾಲಾಗಿ ನೆಲಸಮವಾದವು. ಆ ಬಳಿಕ 1994ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ ಗಾಳಿಗೆ ಸಂಬಂಧಿಸಿದ ನಿಯಮಗಳನ್ನು ಬಿಗಿಗೊಳಿಸಿತು. ಗಾಳಿಯ ರಭಸಕ್ಕೆ ತಕ್ಕಂತೆ ಮಾಡಿದ ಮೂರು ವಲಯಗಳ ಪೈಕಿ ಇಡೀ ಫ್ಲೋರಿಡಾ ಈಗ ಎರಡನೇ ಅಥವಾ ಮೂರನೇ ಗಾಳಿ ವಲಯದಲ್ಲಿದೆ. ಈ ವಲಯಗಳಿಗೆ ತಯಾರಾದ ಮನೆಗೆ ಓರೆ ಪಟ್ಟಿ ಇರುವ ಕಡೆಯಲ್ಲೆಲ್ಲ ನೇರ ಪಟ್ಟಿಯೂ ಬೇಕು. ಓರೆ ಪಟ್ಟಿ ಮನೆ ಜರುಗದಂತೆ ತಡೆದರೆ, ನೇರ ಪಟ್ಟಿ ಮೇಲೇಳದಂತೆ ಹಿಡಿಯುತ್ತದೆ. ನಿಮ್ಮ ಹಳೆಯ ಮನೆ ಅದಕ್ಕೂ ಹಿಂದಿನದಾದರೆ ಆಂಕರ್‌ಗಳ ಸಂಖ್ಯೆಯೂ ಸಾಲದು, ಜಾಗವೂ ಹೊಂದದು. ಎಲ್ಲೆಲ್ಲಿ ಎಷ್ಟು ಆಂಕರ್ ಎಂಬುದನ್ನು ಹೊಸ ಮನೆಯ ಜೊತೆ ಬರುವ ಕೈಪಿಡಿಯೇ ಹೇಳಬೇಕು.

ಪ್ರತಿ ಆಂಕರ್ 3,150 ಪೌಂಡ್, ಅಂದರೆ ಸುಮಾರು 1,430 ಕಿಲೋ ಎಳೆತವನ್ನು ತಾಳಬೇಕು. ಅದರ ಮೇಲೆ ಇನ್ನೂ ಅರ್ಧದಷ್ಟು ಭಾರ ಬಿದ್ದರೂ, ಎಂದರೆ 4,725 ಪೌಂಡ್ ಆದರೂ, ಸೋಲಬಾರದು. ಮಣ್ಣಿನ ಬಗೆಗೆ ತಕ್ಕ ಆಂಕರ್ ಹಾಕಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅದಕ್ಕೇ ನೆಲಕ್ಕೆ ಒಂದು ಶೋಧಕ ಸರಳನ್ನು ತಿರುಗಿಸಿ, ಎಷ್ಟು ಬಲಕ್ಕೆ ಅದು ತಿರುಗುತ್ತದೆ ಎಂದು ಅಳೆದು ಮಣ್ಣಿನ ವರ್ಗ ಗೊತ್ತುಮಾಡುತ್ತಾರೆ. ಸಡಿಲ ಮರಳಿಗೂ ಗಟ್ಟಿ ಜೇಡಿಗೂ ಒಂದೇ ಆಂಕರ್ ಸಲ್ಲದು. ಬಂಡೆಗೆ, ಕಾಂಕ್ರೀಟ್ ಹಾಸಿಗೆ ಬೇರೆಯೇ ಬಗೆಯವು ಇವೆ.

ಹೂಡುವಾಗ ಜನ ಹೆಚ್ಚು ಎಡವುವುದು ಸ್ಟೆಬಿಲೈಜರ್ ಪ್ಲೇಟ್ ವಿಷಯದಲ್ಲಿ. ಓರೆ ಪಟ್ಟಿ ಆಂಕರ್‌ನ ತಲೆಯನ್ನು ಮನೆಯ ಕಡೆಗೆ ಎಳೆಯುತ್ತದೆ. ಮೇಲ್ಮಣ್ಣು ಮೆದುವಾದ್ದರಿಂದ ಸರಳು ಅದನ್ನು ಸೀಳಿಕೊಂಡು ವಾಲುತ್ತದೆ, ಪಟ್ಟಿ ಸಡಿಲವಾಗುತ್ತದೆ. ಹಾಗಾಗದಂತೆ ಸರಳಿನ ಮನೆ ಬದಿಗೆ ಈ ಅಗಲ ತಗಡನ್ನು ನೆಲಕ್ಕೆ ಬಡಿಯಬೇಕು. ಆಂಕರ್ ಪೂರ್ತಿ ಇಳಿಯುವ ಮೊದಲೇ ತಗಡನ್ನು ಬಡಿದು, ಆಮೇಲೆ ಆಂಕರನ್ನು ಕೊನೆಯವರೆಗೆ ತಿರುಗಿಸಿದರೆ ಕೆಲಸ ಸಲೀಸು. ತಲೆ ನೆಲದಿಂದ ಗೇಣುದ್ದ ಮೇಲೇ ಉಳಿಯಿತು, ಇಷ್ಟು ಸಾಕು ಎಂದು ಬಿಟ್ಟರೆ ಅದು ಹೂಡಿದಂತಲ್ಲ. ಪಟ್ಟಿಯ ತುದಿಯನ್ನು ತಲೆಯಲ್ಲಿರುವ ಸೀಳು ಬೋಲ್ಟ್‌ಗೆ ತೂರಿಸಿ, ನಾಲ್ಕೈದು ಸುತ್ತು ಬರುವಂತೆ ಸ್ಪ್ಯಾನರ್‌ನಿಂದ ತಿರುಗಿಸಿ ಬಿಗಿಯಿರಿ. ಒಂದೇ ಬದಿಯನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಎದುರುಬದುರು ಒಂದೊಂದಾಗಿ ಬಿಗಿಯುತ್ತ ಬನ್ನಿ. ಮನೆ ಕುಸಿದು ಕೂತ ಹಾಗೆ ಪಟ್ಟಿಗಳು ಸಡಿಲಗೊಳ್ಳುತ್ತವೆ. ಹಾಗಾಗಿ ಮತ್ತೆ ನೋಡಿ ಬಿಗಿಯುವುದನ್ನು ಮರೆಯಬೇಡಿ, ಚಂಡಮಾರುತದ ಕಾಲಕ್ಕೆ ಮುಂಚೆಯಂತೂ ಕಡ್ಡಾಯ.

ಇನ್ನು ತೆಗೆಯುವ ಕೆಲಸ. ಸಾಗಿಸುವವರು ಬಂದು ನಿಂತ ದಿನವೇ ಪಟ್ಟಿ ಬಿಚ್ಚಿ. ವಾರದ ಮೊದಲೇ ಬಿಚ್ಚಿಟ್ಟರೆ ಅಷ್ಟು ದಿನ ಮನೆ ಗಾಳಿಯ ಕೈಯಲ್ಲಿ. ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ಬಿಗಿದ ಉಕ್ಕಿನ ಪಟ್ಟಿಯನ್ನು ಒಮ್ಮೆಲೇ ಕತ್ತರಿಸಿದರೆ ಅದು ಚಿಮ್ಮಿ ಮುಖಕ್ಕೆ ಹೊಡೆಯಬಹುದು. ಕೈಗವಸು, ಕನ್ನಡಕ ಇಲ್ಲದೆ ಆ ಕೆಲಸಕ್ಕೆ ಇಳಿಯಲೇಬೇಡಿ.

ಮನೆ ಹೋದ ಮೇಲೆ ಆಂಕರ್ ಸುತ್ತಲಿನ ಮಣ್ಣಿಗೆ ಚೆನ್ನಾಗಿ ನೀರುಣಿಸಿ, ತಲೆಗೆ ಉದ್ದನೆಯ ಪೈಪ್ ಸೇರಿಸಿ ಅಪ್ರದಕ್ಷಿಣವಾಗಿ ತಿರುಗಿಸಿ. ಹೂಡಲು ಬಳಸುವ ಯಂತ್ರವನ್ನು ಹಿಮ್ಮುಖವಾಗಿ ಓಡಿಸಿದರೆ ಇನ್ನೂ ಸುಲಭ. ಟ್ರಕ್ಕಿಗೆ ಸರಪಳಿ ಕಟ್ಟಿ ಎಳೆಯುವ ಉಪಾಯ ಬೇಡ: ಸರಪಳಿ ತುಂಡಾದರೆ ಅಪಾಯ, ಆಂಕರ್ ಬಂದರೂ ಜೊತೆಗೆ ಸುತ್ತಲಿನ ನೆಲವನ್ನೇ ಎತ್ತಿಕೊಂಡು ಬರುತ್ತದೆ. ಏನು ಮಾಡಿದರೂ ಬಾರದ್ದನ್ನು ನೆಲಮಟ್ಟದ ಕೆಳಗೆ ಕತ್ತರಿಸಿ, ಅದರ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಡಿ.

ಕುಳಿಗಳಿಗೆ ಮಣ್ಣು ಸುರಿದು ಕಾಲಲ್ಲಿ ತುಳಿದರೆ ಸಾಲದು. ಸ್ವಲ್ಪ ಸ್ವಲ್ಪವೇ ತುಂಬಿ, ಹದವಾಗಿ ತೇವ ಮಾಡಿ, ಪದರ ಪದರವಾಗಿ ದಮ್ಮಸ್ಸು ಮಾಡಿ. ಆದರೂ ಅಲ್ಲಿನ ಮಣ್ಣು ಮೊದಲಿನ ಬಿಗಿಗೆ ಮರಳುವುದಿಲ್ಲ. ಹೊಸ ಆಂಕರ್‌ಗಳು ಕದಡದ ನೆಲಕ್ಕೇ ಬೀಳಬೇಕು. ಹಾಗಾಗಿ ಹಳೆಯ ಕುಳಿಗಳೆಲ್ಲ ನಿಮ್ಮ ನಕ್ಷೆಯಲ್ಲಿರಲಿ. ಹೊಸ ಮನೆ ಕೂರಿಸಲು ಫ್ಲೋರಿಡಾದಲ್ಲಿ ಪರವಾನಗಿ ಪಡೆದವರೇ ಬೇಕು. ಅವರು ಬಂದ ಕೂಡಲೇ ಆ ನಕ್ಷೆ ಅವರ ಕೈಗೆ ಕೊಡಿ. ನೆಲಕ್ಕೆ ಏನನ್ನೇ ಇಳಿಸುವ ಮೊದಲು 811ಕ್ಕೆ ಕರೆ ಮಾಡಿ, ಕೆಳಗೆ ಹಾದುಹೋಗಿರುವ ವಿದ್ಯುತ್ ಮತ್ತು ಗ್ಯಾಸ್ ಮಾರ್ಗಗಳನ್ನು ಗುರುತು ಹಾಕಿಸಿಕೊಳ್ಳಿ.