ಬುಟ್ಟಿಯಲ್ಲಿ ಮತ್ತೆ ನವಿಲುಕೋಸು

"ಮೇಡಂ, ಮೂರನೇ ವಾರವೂ ನವಿಲುಕೋಸೇ ಕಳಿಸಿದ್ದಾರೆ. ಏನ್ ಮಾಡೋದು ಹೇಳಿ?"

ಚಳಿಗಾಲ ಶುರುವಾದರೆ ನನ್ನ ಕ್ಲಿನಿಕ್‌ನಲ್ಲಿ ಈ ಮಾತು ಕೇಳಿಸಲೇಬೇಕು. ಕೇಳುವವರು ಕನಕಪುರ, ಮಾಗಡಿ, ದೊಡ್ಡಬಳ್ಳಾಪುರದ ಕಡೆಯ ತೋಟಗಳಲ್ಲಿ ಪಾಲು ತೆಗೆದುಕೊಂಡ ಬೆಂಗಳೂರಿನವರು. ದುಡ್ಡು ಮೊದಲೇ ಕಟ್ಟುತ್ತಾರೆ. ತೋಟದಲ್ಲಿ ಆ ವಾರ ಏನು ಬೆಳೆದಿದೆಯೋ ಅದು ಬುಟ್ಟಿ ತುಂಬಿ ಮನೆಗೆ ಬರುತ್ತದೆ. ಮಳೆ ಕೈಕೊಟ್ಟರೆ ಬುಟ್ಟಿ ಹಗುರ, ಬೆಳೆ ಬಂದರೆ ಭಾರ. ಜಪಾನಿನಲ್ಲಿ 1970ರ ದಶಕದಲ್ಲಿ ತೇಕೇ ಎಂಬ ಹೆಸರಲ್ಲಿ ಇಂಥದ್ದೇ ಪದ್ಧತಿ ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಇದನ್ನು ಶುರುಮಾಡಿದವು. ನಮ್ಮಲ್ಲಿ ಈಚೆಗೆ ಜಾಸ್ತಿಯಾಗಿದೆ.

ನವಿಲುಕೋಸಿಗಿಂತ ಜಾಸ್ತಿ ಬರುವ ದೂರು ಇನ್ನೊಂದಿದೆ. "ತುಂಬಾ ಕಳಿಸ್ತಾರೆ, ಅರ್ಧ ಕೊಳೆಯುತ್ತೆ." ಎಷ್ಟು ಬರುತ್ತೆ ಅಂತ ಕೇಳಿದರೆ, ನಾಲ್ಕು ಜನರ ಮನೆಗೆ ವಾರಕ್ಕೆ 5 ಕಿಲೋ ಅನ್ನುತ್ತಾರೆ. ಆಗ ನಾನು ಕಾಗದ ತೆಗೆದು ಲೆಕ್ಕ ಬರೆಯುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಪ್ರಕಾರ, 2,000 ಕ್ಯಾಲರಿ ಊಟ ಮಾಡುವವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು. ನಾಲ್ಕು ಜನ, ಏಳು ದಿನ ಅಂದರೆ 11 ಕಿಲೋ ದಾಟುತ್ತದೆ. ಬಂದದ್ದು ಅದರ ಅರ್ಧವೂ ಅಲ್ಲ. ಸಿಪ್ಪೆ, ನಾರು, ದಂಟು ತೆಗೆದರೆ ಇನ್ನೂ ಕಡಿಮೆ. ಈ ಲೆಕ್ಕ ನೋಡಿದ ಮೇಲೆ ಯಾರೂ ಹೆಚ್ಚು ವಾದ ಮಾಡುವುದಿಲ್ಲ.

ಹಾಗಾದರೆ ಕೊಳೆಯುವುದು ಯಾಕೆ? ನಾಳೆ ಏನು ಅಡುಗೆ ಅಂತ ಮೊದಲು ಯೋಚಿಸಿ ಆಮೇಲೆ ತರಕಾರಿ ತರುವುದು ನಮಗೆ ಅಭ್ಯಾಸ. ತೋಟದ ಬುಟ್ಟಿ ಇದನ್ನು ತಿರುಗಾಮುರುಗಾ ಮಾಡುತ್ತದೆ. ಬದನೆಕಾಯಿ ಎಣ್ಣೆಗಾಯಿ ಮಾಡಬೇಕು ಅಂದುಕೊಂಡವರ ಮುಂದೆ ಪಡವಲಕಾಯಿ ಬಂದು ಕೂರುತ್ತದೆ. ಆದರೆ ನಮ್ಮ ಹಳೇ ಅಡುಗೆಗಳು ಹುಟ್ಟಿದ್ದೇ ಹೀಗಲ್ವಾ? ಹುಳಿಗೆ ಇಂಥದ್ದೇ ತರಕಾರಿ ಬೇಕು ಅಂತೇನೂ ಇಲ್ಲ. ಬೆರಕೆ ಸೊಪ್ಪಿನ ಸಾರು ಅಂದರೆ ಹೊಲದಲ್ಲಿ ಕೈಗೆ ಸಿಕ್ಕ ದಂಟು, ಕಿರಕಸಾಲೆ, ಅಣ್ಣೆಸೊಪ್ಪು ಎಲ್ಲ ಸೇರಿಸಿ ಮಾಡಿದ್ದು. ಸಾರಿಗೆ ಹುಳಿ ರುಚಿ ಕೊಡುವ ಪದಾರ್ಥಕ್ಕೂ ಅಷ್ಟೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸಾರೇ ನಿಂತುಹೋಯಿತು ಅಂತ ಕೆಲವರು ನನ್ನ ಹತ್ತಿರ ಅಳಲು ತೋಡಿಕೊಂಡಿದ್ದರು. ಹುಣಸೆಹಣ್ಣು ಇದೆಯಲ್ಲ ತಾಯಿ ಅಂದೆ. ಮಾವಿನಕಾಯಿ, ಅಂಬಟೆಕಾಯಿ, ನೆಲ್ಲಿಕಾಯಿ, ಒಂದೊಂದು ಕಾಲಕ್ಕೆ ಒಂದೊಂದು ಹುಳಿ.

ಬುಟ್ಟಿ ಬಂದ ದಿನ ಅರ್ಧ ಗಂಟೆ ಕೂರಬೇಕು. ಅದೇ ಕಷ್ಟ, ಒಪ್ಪುತ್ತೇನೆ. ಸೊಪ್ಪನ್ನು ಮೊದಲ ಎರಡು ದಿನಕ್ಕೆ ಇಡಿ. ಹೀರೆ, ಬೆಂಡೆ, ಬೀನ್ಸ್ ಆಮೇಲೆ. ಬೀಟ್‌ರೂಟ್, ಕುಂಬಳ, ಸುವರ್ಣಗೆಡ್ಡೆ ಕೊನೆಗೆ. ಮೂಲಂಗಿ, ಕ್ಯಾರೆಟ್‌ನ ಎಲೆಯನ್ನು ಅವತ್ತೇ ಕತ್ತರಿಸಿ ಬೇರೆ ಇಡಬೇಕು. ಇಲ್ಲದಿದ್ದರೆ ಎಲೆ ಗೆಡ್ಡೆಯ ನೀರನ್ನೇ ಎಳೆದುಕೊಂಡು ಅದನ್ನು ಮೆತ್ತಗೆ ಮಾಡುತ್ತದೆ. ಹಣ್ಣಾದ ಬಾಳೆ, ಟೊಮೆಟೊ ಪಕ್ಕದಲ್ಲಿ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ. ಆ ಹಣ್ಣುಗಳು ಬಿಡುವ ಎಥಿಲೀನ್ ಅನಿಲದ ಕೆಲಸ ಅದು.

ಹತ್ತಿರದ ತೋಟದ್ದು ಅಂದ ಮಾತ್ರಕ್ಕೆ ಅದರಲ್ಲೇನೋ ಮಾಯೆ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಎರಡು ದಿನದಲ್ಲಿ ಎಲ್ಲೂ ಹೋಗುವುದಿಲ್ಲ. ಸೊಪ್ಪಿನ ಸಿ ಜೀವಸತ್ವ ಮಾತ್ರ ಕಿತ್ತ ಮೇಲೆ ಇಳಿಯುತ್ತಾ ಹೋಗುತ್ತದೆ, ಬಾಡಿದಷ್ಟೂ ಬೇಗ. ನನ್ನ ಅನುಭವದಲ್ಲಿ ದೊಡ್ಡ ಲಾಭ ಬೇರೆ. ತಾವಾಗಿ ಎಂದೂ ಕೊಳ್ಳದ ತರಕಾರಿಯನ್ನು ಜನ ತಿನ್ನುತ್ತಾರೆ. ಹೊನಗೊನೆ ಸೊಪ್ಪಿನ ಹೆಸರೇ ಕೇಳಿರದ ಹುಡುಗರು ಈಗ ಅದರ ಪಲ್ಯ ತಿನ್ನುತ್ತಿದ್ದಾರೆ.

ಇನ್ನು ಹುಷಾರಾಗಿರಬೇಕಾದವರ ವಿಷಯ. ಇದನ್ನು ಬುಟ್ಟಿಯ ಜೊತೆ ಯಾರೂ ಬರೆದು ಕಳಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಂದು ವಾರ ಸೊಪ್ಪೇ ಇಲ್ಲದೆ, ಮುಂದಿನ ವಾರ ದಿನಾ ಸೊಪ್ಪು ತಿಂದರೆ ಮಾತ್ರೆಯ ಲೆಕ್ಕ ಏರುಪೇರಾಗುತ್ತದೆ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಅದಕ್ಕೆ ಕಾರಣ. ಸೊಪ್ಪು ಬಿಡಬೇಕಿಲ್ಲ, ವಾರ ವಾರವೂ ಹೆಚ್ಚುಕಮ್ಮಿ ಒಂದೇ ಅಳತೆ ಇದ್ದರೆ ಸಾಕು. ಬುಟ್ಟಿ ಶುರುಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರ ಕಥೆ ಇನ್ನೂ ವಿಚಿತ್ರ. ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲಿ ಅಂತ ನಾವು ಹೇಳುತ್ತೇವೆ, ಪೊಟ್ಯಾಸಿಯಂನ ಒಂದು ಪಾಲು ಆ ನೀರಿಗೆ ಇಳಿಯುತ್ತದೆ. ನನ್ನ ಹತ್ತಿರ ಬರುವ ಒಬ್ಬ ಹಿರಿಯರು ಶ್ರದ್ಧೆಯಿಂದ ಬಸಿದರು. ಬಸಿದ ನೀರಲ್ಲಿ ಬಸ್ಸಾರು ಮಾಡಿಸಿಕೊಂಡು ಎರಡು ಬಟ್ಟಲು ಉಂಡರು! ಹಳೇ ಮೈಸೂರು ಕಡೆಯವರಿಗೆ ಬಸಿದದ್ದನ್ನು ಚೆಲ್ಲಿ ಅನ್ನುವುದು ಸುಲಭವಲ್ಲ. ತಪ್ಪು ನನ್ನದೇ, ಬಿಡಿಸಿ ಹೇಳಬೇಕಿತ್ತು.

ಸೋರೆಕಾಯಿ, ಸೌತೆಕಾಯಿ ಕಹಿ ಇದ್ದರೆ ತಿನ್ನಬೇಡಿ. ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಅನಿಸಿದರೆ ಉಗಿದು ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನವಿಲುಕೋಸಿನ ಹೆಂಗಸಿಗೆ ನಾನು ಹೇಳಿದ್ದು ಇಷ್ಟೇ. ಎಳೆಯದನ್ನು ತುರಿದು ನೆನೆಸಿದ ಹೆಸರುಬೇಳೆ ಜೊತೆ ಕೋಸಂಬರಿ ಮಾಡಿ, ಎಲೆಯನ್ನು ಎಸೆಯದೆ ಪಲ್ಯಕ್ಕೆ ಹಾಕಿ, ಬಲಿತದ್ದನ್ನು ಹುಳಿಗೆ ಬಿಡಿ. ಅದು ಹೇಗೋ ಖರ್ಚಾಯಿತು. ಸಂಕ್ರಾಂತಿ ಹತ್ತಿರ ಬಂದಾಗ ಮತ್ತೆ ಫೋನ್ ಬಂತು. ಬುಟ್ಟಿಯಲ್ಲಿ ನವಿಲುಕೋಸು ಇಲ್ಲವಂತೆ. ಮೂರು ಕಿಲೋ ಅವರೆಕಾಯಿ, ಒಳ್ಳೇ ಸೊಗಡಿನದು. ಅಡುಗೆಮನೆಯೆಲ್ಲ ಘಮಘಮ ಅಂತಿದೆಯಂತೆ. ಹಿತಕಿದ ಬೇಳೆ ಸಾರು ಮಾಡಿ, ರಾತ್ರಿ ಕಾಳು ನೆನೆಸಿಡಿ ಅಂದೆ.

"ಅದೆಲ್ಲ ಗೊತ್ತು ಮೇಡಂ. ಸುಲಿಯೋಕೆ ನೀವು ಬರ್ತೀರಾ?"