ಕಿಟಕಿ ತೆರೆದದ್ದು ಒಳಗಿನವರೇ: ಬ್ರಿಟಿಷ್ ಡ್ರಾಕುಲಾನ ಮೋಡಿ

ಕೋಟೆಯ ಮೆಟ್ಟಿಲ ಮೇಲೆ ಕಪ್ಪಗೆ ಒಂದು ಆಕೃತಿ ನಿಂತಿದೆ. ಸಂಗೀತ ಜೋರಾಗುತ್ತದೆ. ಇನ್ನೇನು ಕಿರುಚಬೇಕು ಅನ್ನುವಷ್ಟರಲ್ಲಿ ಅದು ಸರಸರನೆ ಇಳಿದು ಬೆಳಕಿಗೆ ಬರುತ್ತದೆ. ನೋಡಿದರೆ ಎತ್ತರದ, ಲಕ್ಷಣವಾದ ಮನುಷ್ಯ. ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ದೂರದಿಂದ ಬಂದವನಿಗೆ ರೂಮು ತೋರಿಸುತ್ತಾನೆ. ಮಾತಿನಲ್ಲಿ ಒಂದಿಷ್ಟೂ ಕೊಂಕಿಲ್ಲ.

ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಲೈಬ್ರರಿಯ ಬಾಗಿಲಲ್ಲಿ ನಿಂತಿರುತ್ತಾನೆ. ಕಣ್ಣು ಕೆಂಡ, ಬಾಯಿಯ ಸುತ್ತ ರಕ್ತ, ಎರಡು ಕೋರೆಹಲ್ಲು. ಈ ಸಲ ಮಾತೇ ಇಲ್ಲ, ಬರೀ ಬುಸುಗುಟ್ಟುತ್ತಾನೆ.

ಬ್ರಿಟನ್ನಿನ ಹ್ಯಾಮರ್ ಕಂಪನಿ 1958ರಲ್ಲಿ ತೆರೆಗೆ ತಂದ ‘ಡ್ರಾಕುಲಾ’ ಇದು. ಇವತ್ತಿನ ಲೆಕ್ಕದಲ್ಲಿ ನೋಡಿದರೆ ಅಷ್ಟೇನೂ ಭಯ ಹುಟ್ಟಿಸುವುದಿಲ್ಲ. ರಕ್ತ ಯಾವುದೋ ಬಣ್ಣದ ಡಬ್ಬಿಯಿಂದ ಬಂದದ್ದು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಆದರೂ ಅರವತ್ತು ವರ್ಷ ಕಳೆದ ಮೇಲೂ ಜನ ಇದನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ. ನನಗೆ ಕಂಡಂತೆ ಈ ಮೋಡಿಯನ್ನು ಕಟ್ಟಿದ್ದು ಎರಡು ಕೊರತೆಗಳು. ಒಂದು, ಕೈಯಲ್ಲಿ ದುಡ್ಡಿರಲಿಲ್ಲ. ಇನ್ನೊಂದು, ಸೆನ್ಸಾರಿನವರು ಜಾಸ್ತಿ ಏನನ್ನೂ ತೋರಿಸಲು ಬಿಡಲಿಲ್ಲ.

ರಕ್ತ ಹೀರುವ ಪಿಶಾಚಿಗೆ ಸೂಟುಬೂಟು ತೊಡಿಸಿದ್ದು ಹ್ಯಾಮರ್ ಅಲ್ಲ ಬಿಡಿ. ಪೂರ್ವ ಯುರೋಪಿನ ಹಳ್ಳಿಗಳ ಕಥೆಗಳಲ್ಲಿ ವ್ಯಾಂಪೈರ್ ಅಂದರೆ ಸಮಾಧಿಯಿಂದ ಎದ್ದು ಬಂದ, ಊದಿಕೊಂಡ ಹೆಣ. 1819ರಲ್ಲಿ ಜಾನ್ ಪೊಲಿಡೋರಿ ಇಂಗ್ಲಿಷಿನಲ್ಲಿ ಬರೆದ ಕಥೆಯಲ್ಲಿ ಅವನು ಲಾರ್ಡ್ ಆದ, ಲಂಡನ್ನಿನ ದೊಡ್ಡವರ ಮನೆಗಳಿಗೆ ಹೋಗಿ ಬರುವವನಾದ. 1897ರಲ್ಲಿ ಬ್ರ್ಯಾಮ್ ಸ್ಟೋಕರ್ ತನ್ನ ‘ಡ್ರಾಕುಲಾ’ ಕಾದಂಬರಿಯಲ್ಲಿ ಅವನನ್ನು ಕೌಂಟ್ ಪದವಿಯ ಸಿರಿವಂತ ದೊರೆ ಮಾಡಿದ. ಸ್ಟೋಕರ್ ಐರ್ಲೆಂಡಿನವನು, ಲಂಡನ್ನಿನ ಲೈಸಿಯಂ ನಾಟಕಶಾಲೆಯ ಮ್ಯಾನೇಜರ್. 1931ರಲ್ಲಿ ಹಾಲಿವುಡ್ಡಿನಲ್ಲಿ ಬೇಲಾ ಲುಗೋಸಿ ಈ ಪಾತ್ರ ಮಾಡಿದ. ಕಪ್ಪು ಬಿಳುಪು ಚಿತ್ರ, ಎಳೆದೆಳೆದು ಆಡುವ ಮಾತು, ಕೋರೆಹಲ್ಲಿನ ಸುಳಿವೇ ಇಲ್ಲ. 1948ರ ಹೊತ್ತಿಗೆ ಅದೇ ಲುಗೋಸಿ ಅದೇ ನಿಲುವಂಗಿ ತೊಟ್ಟು ಕಾಮಿಡಿ ಜೋಡಿಯೊಂದರ ಸಿನಿಮಾದಲ್ಲಿ ಕಾಣಿಸಿಕೊಂಡ. ಡ್ರಾಕುಲಾನ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರೆ ತಪ್ಪೇನಿಲ್ಲ.

ಹ್ಯಾಮರ್ ಕೂಡ ಅಂಥ ದೊಡ್ಡ ಕಂಪನಿಯೇನಲ್ಲ. 1934ರಲ್ಲಿ ಶುರುವಾದದ್ದು. ವಿಲಿಯಂ ಹೈಂಡ್ಸ್ ಎಂಬ ವ್ಯಾಪಾರಿ ಆಗಾಗ ರಂಗದ ಮೇಲೆ ಹಾಸ್ಯ ಮಾಡುತ್ತಿದ್ದ. ಅಲ್ಲಿ ಅವನ ಹೆಸರು ವಿಲ್ ಹ್ಯಾಮರ್. ಕಂಪನಿಗೂ ಅದೇ ಹೆಸರು ಬಂತು. ವರ್ಷಗಟ್ಟಲೆ ಸಣ್ಣಪುಟ್ಟ ಪತ್ತೇದಾರಿ ಚಿತ್ರಗಳನ್ನು ತೆಗೆದುಕೊಂಡು ಹೇಗೋ ನಡೆಯುತ್ತಿತ್ತು. ಆಮೇಲೆ ಮನೆಮನೆಗೆ ಟಿವಿ ಬಂತು. 1946ರಲ್ಲಿ ಬ್ರಿಟನ್ನಿನ ಥಿಯೇಟರುಗಳಲ್ಲಿ 163 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. 1960ಕ್ಕೆ ಅದು ಸುಮಾರು 50 ಕೋಟಿಗೆ ಇಳಿಯಿತು.

ಟಿವಿಯಲ್ಲಿ ತೋರಿಸಲು ಆಗದ್ದು ಏನಿದೆ? ಹ್ಯಾಮರ್ ಹಿಡಿದದ್ದು ಇದನ್ನೇ. 1951ರಲ್ಲಿ ಅಲ್ಲಿನ ಸೆನ್ಸಾರ್ ಮಂಡಳಿ ‘ಎಕ್ಸ್’ ಸರ್ಟಿಫಿಕೇಟ್ ತಂದಿತ್ತು. 16 ತುಂಬದವರಿಗೆ ಪ್ರವೇಶವಿಲ್ಲ. ಉಳಿದ ಕಂಪನಿಗಳವರು ಈ ಅಕ್ಷರವನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಹ್ಯಾಮರಿನವರು ಮಾತ್ರ 1955ರಲ್ಲಿ ‘ಎಕ್ಸ್‌ಪೆರಿಮೆಂಟ್’ ಎಂಬ ಪದದ ಮೊದಲ ಅಕ್ಷರವನ್ನೇ ಕಿತ್ತುಹಾಕಿ, ಆ ಪದ ಎಕ್ಸ್ ಅಕ್ಷರದಿಂದ ಶುರುವಾಗುವಂತೆ ಸಿನಿಮಾ ಹೆಸರು ಬರೆದರು! 1957ರಲ್ಲಿ ಫ್ರಾಂಕೆನ್‌ಸ್ಟೈನ್ ಕಥೆಯನ್ನು ಕಲರಿನಲ್ಲಿ ತೆಗೆದರು. ವಿಮರ್ಶಕರು ಛೀ ಥೂ ಅಂದರು, ಜನ ಕ್ಯೂ ನಿಂತರು. ಅದೇ ತಂಡ ಅದೇ ವರ್ಷದ ಕೊನೆಗೆ ಡ್ರಾಕುಲಾನ ಶೂಟಿಂಗ್ ಶುರುಮಾಡಿತು. ನಿರ್ದೇಶಕ ಟೆರೆನ್ಸ್ ಫಿಶರ್, ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ, ಅವನ ಬೆನ್ನು ಹತ್ತುವ ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್.

ಬಜೆಟ್ಟು ಸುಮಾರು 80 ಸಾವಿರ ಪೌಂಡ್. ಸ್ಟುಡಿಯೋ ಅಂದರೆ ಬ್ರೇ ಎಂಬ ಊರಿನ ಹತ್ತಿರ, ಥೇಮ್ಸ್ ನದಿಯ ದಂಡೆಯಲ್ಲಿದ್ದ ಒಂದು ಹಳೇ ದೊಡ್ಡ ಮನೆ. ಜಾಗ ಇಕ್ಕಟ್ಟು. ಬರ್ನಾರ್ಡ್ ರಾಬಿನ್ಸನ್ ಎಂಬ ಕಲಾ ನಿರ್ದೇಶಕ ಅಲ್ಲೇ ಕೋಟೆ ಕಟ್ಟುತ್ತಿದ್ದ. ಮುಂದಿನ ಸಿನಿಮಾಕ್ಕೆ ಅದೇ ಕಂಬಗಳನ್ನು ಕಿತ್ತು, ಬಣ್ಣ ಬದಲಿಸಿ, ಬೇರೆ ಕಡೆ ನಿಲ್ಲಿಸುತ್ತಿದ್ದ. 1965ರಲ್ಲಂತೂ ಡ್ರಾಕುಲಾನ ಕೋಟೆಯ ಸೆಟ್ಟಿನಲ್ಲೇ ರಷ್ಯಾದ ಸನ್ಯಾಸಿ ರಾಸ್ಪುಟಿನ್ ಬಗೆಗಿನ ಸಿನಿಮಾವನ್ನೂ ಮುಗಿಸಿದರು. ಕುದುರೆಗಾಡಿ ಓಡುವ ದಟ್ಟ ಕಾಡು ಎಷ್ಟೋ ಚಿತ್ರಗಳಲ್ಲಿ ಲಂಡನ್ನಿನ ಹತ್ತಿರದ ಬ್ಲ್ಯಾಕ್ ಪಾರ್ಕ್.

ಚಿತ್ರಕಥೆ ಬರೆದ ಜಿಮ್ಮಿ ಸ್ಯಾಂಗ್‌ಸ್ಟರ್ ಕಾದಂಬರಿಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ. ಹಡಗಿನ ಪ್ರಯಾಣ ಇಲ್ಲ, ಲಂಡನ್ನೂ ಇಲ್ಲ. ಎಲ್ಲವೂ ಕುದುರೆಗಾಡಿ ಮುಟ್ಟುವಷ್ಟು ದೂರದಲ್ಲಿ. ಡ್ರಾಕುಲಾ ಬಾವಲಿಯಾಗುತ್ತಾನೆ, ತೋಳನಾಗುತ್ತಾನೆ ಅಂತ ಪುಸ್ತಕದಲ್ಲಿದೆ. ಅದನ್ನು ತೋರಿಸಲು ದುಡ್ಡು ಬೇಕಲ್ವಾ? ಹಾಗಾಗಿ ಡಾಕ್ಟರ್ ಬಾಯಲ್ಲಿ, ಅದೆಲ್ಲ ಜನರ ತಪ್ಪು ನಂಬಿಕೆ ಅಂತ ಹೇಳಿಸಿಬಿಟ್ಟರು. ಇದಕ್ಕಿಂತ ಅಗ್ಗದ ಸ್ಪೆಷಲ್ ಎಫೆಕ್ಟ್ ನಾನು ಕಂಡಿಲ್ಲ.

ಆದರೆ ಇದರಿಂದ ಸಿನಿಮಾಕ್ಕೆ ಲಾಭವೇ ಆಯಿತು. ಡ್ರಾಕುಲಾ ಪಕ್ಕದೂರಿನವನಾದ. ಬಾವಲಿಯ ಮಾಯಾಜಾಲ ಹೋಗಿ ಮನುಷ್ಯನ ಮೈ ಮಾತ್ರ ಉಳಿಯಿತು. ಲೀ ಎತ್ತರ 6 ಅಡಿ 5 ಇಂಚು. ತೆರೆಯ ಮೇಲೆ ಅವನಿರುವುದು ಒಟ್ಟು ಹತ್ತು ನಿಮಿಷವೂ ಇಲ್ಲ. ಉಳಿದ ಹೊತ್ತೆಲ್ಲ ಅವನು ಬರುತ್ತಾನೆ ಅಂತ ಕಾಯುವುದೇ ಆಗುತ್ತದೆ. ಕಾಯುವವರಿಗೆ ಜೇಮ್ಸ್ ಬರ್ನಾರ್ಡ್‌ನ ಸಂಗೀತ ಅವನ ನೆನಪು ಮಾಡುತ್ತಲೇ ಇರುತ್ತದೆ. ಮೂರೇ ಸ್ವರ. ಡ್ರಾ-ಕು-ಲಾ ಅಂತ ವಾದ್ಯಗಳೇ ಹೆಸರು ಕೂಗುತ್ತವೆ.

ಕಾಯುವುದು ಸಿನಿಮಾದ ಒಳಗೂ ಇದೆ. ಲೂಸಿ ಎಂಬ ಹುಡುಗಿಗೆ ಕಾಯಿಲೆ. ಮನೆಯವರು ರೂಮಿನಿಂದ ಹೊರಗೆ ಹೋಗುತ್ತಲೇ ಅವಳು ಎದ್ದು ಕಿಟಕಿಬಾಗಿಲು ತೆರೆಯುತ್ತಾಳೆ. ಕೊರಳಲ್ಲಿದ್ದ ಶಿಲುಬೆಯನ್ನು ತೆಗೆದಿಡುತ್ತಾಳೆ. ಹಾಸಿಗೆಯಲ್ಲಿ ಮಲಗಿ ಹೊರಗೆ ನೋಡುತ್ತಾಳೆ. ಹೊರಗೆ ಒಣಗಿದ ಎಲೆಗಳು ಸುಮ್ನೆ ಸುಳಿದಾಡುತ್ತವೆ. ಮುಖದಲ್ಲಿ ಭಯವಿದೆ, ಅದರ ಜೊತೆಗೆ ಇನ್ನೇನೋ ಇದೆ. ನಮ್ಮಲ್ಲಿ ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರು. ಇಲ್ಲಿ ಒಳಗಿನವಳೇ ಈಗಲೇ ಬಾ ಅನ್ನುತ್ತಿದ್ದಾಳೆ.

ಆಮೇಲೆ ಅತ್ತಿಗೆ ಮೀನಾಳ ಸರದಿ. ಗಂಡ ಮತ್ತು ಡಾಕ್ಟರ್ ರಾತ್ರಿಯಿಡೀ ತೋಟದಲ್ಲಿ ಕಾವಲು ನಿಲ್ಲುತ್ತಾರೆ. ಡ್ರಾಕುಲಾ ಒಳಗೆ ಬಂದುಬಿಡುತ್ತಾನೆ! ಅವನ ಶವಪೆಟ್ಟಿಗೆ ಇದ್ದದ್ದು ಅದೇ ಮನೆಯ ನೆಲಮಾಳಿಗೆಯಲ್ಲಿ. ಅಲ್ಲಿಗೆ ಹೋಗಬೇಡ ಅಂತ ಕೆಲಸದವಳಿಗೆ ಹೇಳಿದ್ದವಳು ಮೀನಾಳೇ.

1958ರ ಸೆನ್ಸಾರ್ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಬಿಡುತ್ತಿರಲಿಲ್ಲ. ಸ್ಕ್ರಿಪ್ಟ್ ಹಂತದಲ್ಲೇ ತಕರಾರು ತೆಗೆದಿದ್ದರು. ಫಿಶರ್ ಹೇಳಲೂ ಇಲ್ಲ. ಲೀ ಮುಖ ಮೀನಾಳ ಮುಖದ ಹತ್ತಿರ ಹೋಗುತ್ತದೆ, ತುಟಿಗೆ ಸವರಿದಂತೆ ಬಂದು ಅಲ್ಲೇ ತಡೆಯುತ್ತದೆ. ಅದಕ್ಕೂ ಮೊದಲು ಒಂದು ಬೆಳಗ್ಗೆ ಅವಳು ಕೋಟಿನ ಕಾಲರ್ ಎತ್ತಿಕೊಂಡು ಮನೆಗೆ ಬರುವಾಗ ಮುಖದಲ್ಲಿ ಸಣ್ಣ ನಗು. ಅಷ್ಟೇ. ಮನೆತನ, ಮರ್ಯಾದೆ ಅಂತ ಬದುಕಿದ್ದ ಆ ಕಾಲದ ಪ್ರೇಕ್ಷಕರಿಗೆ ಆ ನಗು ಅರ್ಥವಾಗದೆ ಇರುತ್ತದೆಯೇ?

ಎದುರಿಗೆ ಕುಶಿಂಗ್ ಇಲ್ಲದಿದ್ದರೆ ಇದೆಲ್ಲ ನಗೆಪಾಟಲಾಗುತ್ತಿತ್ತು. ಬೆಳ್ಳುಳ್ಳಿ ಹೂವು, ಮರದ ಗೂಟ ಅಂತ ಅವನು ಮಾತಾಡುವ ರೀತಿ ನೋಡಬೇಕು. ಫ್ಯಾಮಿಲಿ ಡಾಕ್ಟರು ಮಾತ್ರೆ ಬರೆದುಕೊಟ್ಟ ಹಾಗೆ. ಕ್ಲೈಮ್ಯಾಕ್ಸಿನಲ್ಲಿ ಜೇಬಿನಿಂದ ಶಿಲುಬೆ ತೆಗೆಯಬೇಕು ಅಂತ ಸ್ಕ್ರಿಪ್ಟಿನಲ್ಲಿತ್ತು. ಹೀಗೆ ಮತ್ತೆ ಮತ್ತೆ ತೆಗೆಯುತ್ತಿದ್ದರೆ ನಾನು ಶಿಲುಬೆ ಮಾರುವವನ ಹಾಗೆ ಕಾಣುತ್ತೇನೆ ಅಂತ ಕುಶಿಂಗ್‌ಗೆ ಅನ್ನಿಸಿತು. ಉದ್ದನೆಯ ಮೇಜಿನ ಮೇಲೆ ಓಡಿ, ಹಾರಿ, ಪರದೆ ಕಿತ್ತು ಬಿಸಿಲು ಒಳಗೆ ಬಿಡುವುದು, ಆಮೇಲೆ ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುವುದು, ಎರಡೂ ಅವನದೇ ಸಲಹೆ. ಈ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವುದು ಅದೇ.

ಮುಂದಿನ ಕಥೆ ಬೇಗ ಹೇಳಬಹುದು. ಲೀ ಎಂಟು ವರ್ಷದ ನಂತರ, 1966ರಲ್ಲಿ, ಡ್ರಾಕುಲಾ ಆಗಿ ಮರಳಿದ. ಇಡೀ ಚಿತ್ರದಲ್ಲಿ ಒಂದು ಮಾತೂ ಆಡಲಿಲ್ಲ. ಮಾತುಗಳು ಕೆಟ್ಟದಾಗಿದ್ದವು, ನಾನೇ ಆಡಲ್ಲ ಅಂದೆ ಅಂತ ಲೀ ಹೇಳುತ್ತಿದ್ದ. ನಾನು ಮಾತೇ ಬರೆದಿರಲಿಲ್ಲ ಅಂತ ಸ್ಯಾಂಗ್‌ಸ್ಟರ್ ಹೇಳುತ್ತಿದ್ದ. ಜಗಳ ತೀರಲೇ ಇಲ್ಲ. 1968ರಲ್ಲಿ ಹ್ಯಾಮರಿಗೆ ರಫ್ತು ವ್ಯಾಪಾರಕ್ಕಾಗಿ ರಾಣಿಯ ಹೆಸರಿನ ಕೈಗಾರಿಕಾ ಪ್ರಶಸ್ತಿ ಸಿಕ್ಕಿತು. ಅದನ್ನು ಕೊಟ್ಟದ್ದು ಪೈನ್‌ವುಡ್ ಸ್ಟುಡಿಯೋದಲ್ಲಿ, ಇನ್ನೊಂದು ಡ್ರಾಕುಲಾ ಚಿತ್ರದ ಶೂಟಿಂಗ್ ನಡೆಯುತ್ತಿದ್ದಾಗ. ಪೇಪರಿನವರು ಹೊಲಸು ಅಂದದ್ದಕ್ಕೆ ಸರ್ಕಾರ ಮೊಹರು ಒತ್ತಿತು. ಬರಬರುತ್ತಾ ಡ್ರಾಕುಲಾನನ್ನು ಕೊಲ್ಲುವ ದಾರಿಗಳೂ ಖಾಲಿಯಾಗುತ್ತಿದ್ದವು. ಬಿಸಿಲಾಯಿತು, ಮಂಜಿನಡಿಯ ನೀರಾಯಿತು, ಸಿಡಿಲಾಯಿತು, ಗಾಡಿ ಚಕ್ರದ ಕಡ್ಡಿಯಾಯಿತು, ಕೊನೆಗೆ ಮುಳ್ಳಿನ ಪೊದೆಯೂ ಆಯಿತು.

1970ರಲ್ಲಿ ಎಕ್ಸ್ ವಯಸ್ಸು 18ಕ್ಕೆ ಏರಿತು. ಈಗ ಹೆಚ್ಚು ತೋರಿಸಬಹುದಿತ್ತು, ತೋರಿಸಿದರು. ಬೆತ್ತಲೆ ಮೈ ಬಂತು, ರಕ್ತ ಜಾಸ್ತಿಯಾಯಿತು. ಅವುಗಳಲ್ಲೂ ಒಂದೆರಡು ಚೆನ್ನಾಗಿಯೇ ಇವೆ, ಆದರೆ ಲೂಸಿ ಕಿಟಕಿ ತೆರೆದಾಗಿನ ಆ ಬಿಗಿ ಸಿಗುವುದಿಲ್ಲ. 1972ರಲ್ಲಿ ಡ್ರಾಕುಲಾನನ್ನು ಆ ಕಾಲದ ಲಂಡನ್ನಿಗೇ ತಂದರು. ಮರುವರ್ಷ ಅಮೆರಿಕದಿಂದ ‘ದಿ ಎಕ್ಸಾರ್ಸಿಸ್ಟ್’ ಬಂದ ಮೇಲೆ ಕೋಟೆ, ಕುದುರೆಗಾಡಿ ಎಲ್ಲ ಅಜ್ಜಿಕಥೆಯಂತೆ ಕಂಡವು. 1976ರ ಹೊತ್ತಿಗೆ ಹ್ಯಾಮರಿನ ಹಾರರ್ ನಿಂತೇಹೋಯಿತು.

ಆದರೆ 1958ರ ಚಿತ್ರದ ಬಗ್ಗೆ ಒಂದು ಗುಸುಗುಸು ಉಳಿದಿತ್ತು. ಬ್ರಿಟನ್ನಿನಲ್ಲಿ ಕತ್ತರಿಸಿದ ಕೆಲವು ದೃಶ್ಯಗಳು ಜಪಾನಿಗೆ ಹೋದ ಪ್ರಿಂಟಿನಲ್ಲಿವೆ ಅಂತ. ಎಷ್ಟೋ ಜನ ಇದನ್ನು ಬರೀ ಕಟ್ಟುಕಥೆ ಅಂದುಕೊಂಡಿದ್ದರು. ಟೋಕಿಯೋದ ರಾಷ್ಟ್ರೀಯ ಫಿಲ್ಮ್ ಸೆಂಟರಿನಲ್ಲಿ ನಿಜವಾಗಿಯೂ ಒಂದು ಪ್ರಿಂಟ್ ಇತ್ತು. 1984ರಲ್ಲಿ ಅಲ್ಲಿ ಬೆಂಕಿ ಬಿದ್ದು ಮೊದಲ ರೀಲುಗಳು ಹಾಳಾಗಿದ್ದವು, ಕೊನೆಯವು ಉಳಿದಿದ್ದವು. 2011ರಲ್ಲಿ ಸುದ್ದಿ ಹೊರಬಂತು. ಸಿಕ್ಕಿದ್ದು ಕೆಲವೇ ಸೆಕೆಂಡುಗಳು. ಅವನ್ನು ಸರಿಮಾಡಿ ಚಿತ್ರಕ್ಕೆ ಮತ್ತೆ ಸೇರಿಸಿದ್ದಾರೆ.

ಒಂದು ತುಣುಕಿನಲ್ಲಿ ಮೀನಾಳ ಮುಖದ ಹತ್ತಿರ ಡ್ರಾಕುಲಾ ಇನ್ನೂ ಸ್ವಲ್ಪ ಹೊತ್ತು ಇರುತ್ತಾನೆ. ಇನ್ನೊಂದು ಕೊನೆಯದು. ಬಿಸಿಲಲ್ಲಿ ಬಿದ್ದ ಡ್ರಾಕುಲಾ ಕೈ ಎತ್ತಿ, ತನ್ನ ಮುಖವನ್ನು ತಾನೇ ಪರಚಿಕೊಂಡು ಕಿತ್ತುಹಾಕುತ್ತಾನೆ.